ಅರಿಶಿನ–ಕುಂಕುಮದ ಬಾವುಟ: ಬೆಳಗಾವಿ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅವ್ವ ಬೆಳಗಾವಿಯ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಳು. ದಸರಾ ಮುಗಿದ ಮರುದಿನವೇ ಜಂಪರಿನ ಕೆಲಸ ಪಕ್ಕಕ್ಕಿಟ್ಟು ಕನ್ನಡ ಬಾವುಟ ಹೊಲಿಯಲು ಕೂರುತ್ತಿದ್ದಳು. ಹಳದಿ ಬಟ್ಟೆಯ ಥಾನು ಒಂದು ಕಡೆ, ಕೆಂಪಿನದು ಇನ್ನೊಂದು ಕಡೆ. ನವೆಂಬರ್ 1ರ ತನಕ ಮನೆಯ ನೆಲದ ಮೇಲೆಲ್ಲ ಅದೇ ಎರಡು ಬಣ್ಣದ ದಾರದ ಚೂರು. ಬಾವುಟ ಒಯ್ಯಲು ಬಂದವರು ಒಂದಲ್ಲ ಒಂದು ಪ್ರಶ್ನೆ ಕೇಳಿಯೇ ಹೋಗುತ್ತಿದ್ದರು. ಮುಂದೆ ನಾನು ಶಾಲೆ, ಕನ್ನಡ ಸಂಘ ಅಂತ ಮಾತಾಡಲು ಹೋದ ಕಡೆಗೂ ಅವೇ ಪ್ರಶ್ನೆಗಳು ಬಂದವು. ಬರುವ ಪತ್ರಗಳಲ್ಲೂ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲ ಪರಿಚಯ

ಈ ಹಳದಿ-ಕೆಂಪು ಬಾವುಟ ಮಾಡಿದವರು ಯಾರ್ರೀ?

ಮ. ರಾಮಮೂರ್ತಿ. ಕನ್ನಡ ಹೋರಾಟಗಾರರು, ಪತ್ರಕರ್ತರು, ಪತ್ತೇದಾರಿ ಕಾದಂಬರಿ ಬರೆದವರು. ಅವರ ತಂದೆ ವೀರಕೇಸರಿ ಸೀತಾರಾಮಶಾಸ್ತ್ರಿಗಳೂ ಹೆಸರಾಂತ ಲೇಖಕರು.

1960ರ ದಶಕದ ಬೆಂಗಳೂರನ್ನು ಒಮ್ಮೆ ನೆನೆಸಿಕೊಳ್ಳಿ. ರಾಜ್ಯ ಒಂದಾಗಿ ಹತ್ತು ವರ್ಷವೂ ಆಗಿಲ್ಲ. ರಾಜಧಾನಿಯಲ್ಲೇ ಕನ್ನಡಕ್ಕೆ ಜಾಗ ಸಾಲದು ಎಂಬ ನೋವು. 1962ರಲ್ಲಿ ರಾಮನವಮಿಯ ಸಂಗೀತ ಕಚೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಅವಕಾಶ ಸಿಗಬೇಕು ಎಂದು ಅ.ನ. ಕೃಷ್ಣರಾಯರು ಚಳವಳಿಗೆ ಇಳಿದಿದ್ದರು. ಆ ಬಿಸಿಯಲ್ಲೇ ಬೆಳೆದವರು ರಾಮಮೂರ್ತಿ. ಅವರು ಕನ್ನಡ ಪಕ್ಷ ಕಟ್ಟಿದರು. ಆ ಪಕ್ಷಕ್ಕಾಗಿ ರೂಪಿಸಿದ್ದೇ ಈ ಬಾವುಟ.

ಅವರ ಸಾವು ಬಹಳ ದಾರುಣ. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು, ಅವರೂ ಅವರ ಇಬ್ಬರು ಗಂಡುಮಕ್ಕಳೂ ತೀರಿಕೊಂಡರು. ಬಾವುಟ ಹುಟ್ಟಿ ಕೆಲವೇ ವರ್ಷವಾಗಿತ್ತು. ಪಕ್ಷ ಹೆಚ್ಚು ಕಾಲ ಬಾಳಲಿಲ್ಲ. ಬಾವುಟ ಮಾತ್ರ ಪಕ್ಷದ ಕೈ ಬಿಟ್ಟು ಜನರ ಕೈಗೆ ಬಂತು. ರಾಜ್ಯೋತ್ಸವದ ದಿನ ಇದನ್ನು ಹಿಡಿಯುವ ಸಾವಿರಾರು ಹುಡುಗರಲ್ಲಿ ರಾಮಮೂರ್ತಿಯವರ ಹೆಸರು ಗೊತ್ತಿರುವವರು ಕಡಿಮೆ. ನನಗೆ ಅದು ನಿಜಕ್ಕೂ ಬೇಸರದ ಸಂಗತಿ. ಶಾಲೆಗೆ ಹೋದಾಗಲೆಲ್ಲ ಮೊದಲು ಆ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.

ಹಳದಿ ಅಂದ್ರ ಏನು, ಕೆಂಪು ಅಂದ್ರ ಏನು?

ಹಳದಿ ಅರಿಶಿನ, ಕೆಂಪು ಕುಂಕುಮ. ಹಳದಿಗೆ ಶಾಂತಿ, ಕೆಂಪಿಗೆ ಧೈರ್ಯ ಅಥವಾ ಕ್ರಾಂತಿ ಎಂಬ ಅರ್ಥವನ್ನೂ ಹೇಳುತ್ತಾರೆ. ಎರಡೂ ಮಾತು ಸರಿಯೇ. ಆದರೆ ನಮ್ಮ ಕಡೆಯ ಜನಕ್ಕೆ ಈ ಬಣ್ಣಗಳ ಅರ್ಥ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಹಣೆ ನೋಡಿ. ಹಣೆ ಏನು, ಅಂಗಿ, ಟೋಪಿ, ಎತ್ತಿನ ಕೋಡು, ಬಂಡಿಯ ಗಾಲಿ ಎಲ್ಲ ಭಂಡಾರದ, ಅಂದರೆ ಅರಿಶಿನ ಪುಡಿಯ ಹಳದಿ. ‘ಉಧೋ ಉಧೋ’ ಅಂತ ತೂರಿದ ಭಂಡಾರ ಗಾಳಿಯಲ್ಲಿ ನಿಂತು ಎದುರಿಗಿದ್ದವರ ಮುಖ ಕಾಣುವುದಿಲ್ಲ. ರಾಯಬಾಗ, ಗೋಕಾಕ, ತೇರದಾಳದ ಕಡೆ ಅರಿಶಿನ ಹೊಲದ ಬೆಳೆಯೂ ಹೌದು. ಕಿತ್ತು, ಕುದಿಸಿ, ಒಣಗಿಸುವ ದಿನಗಳಲ್ಲಿ ಕೆಲಸಗಾರರ ಅಂಗೈ ವಾರಗಟ್ಟಲೆ ಹಳದಿಯಾಗಿಯೇ ಇರುತ್ತದೆ.

ಇನ್ನೊಂದು ಮಾತು. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿ ನೋಡಿ. ಕಣ್ಣೆದುರೇ ಕೆಂಪಾಗುತ್ತದೆ. ಮದುವೆ ಮನೆಯಲ್ಲಿ ಆರತಿಯ ನೀರು ಮಾಡುವುದು ಹೀಗೆಯೇ ಅಲ್ವಾ? ಹಿಂದೆ ಕುಂಕುಮ ಮಾಡುತ್ತಿದ್ದದ್ದೂ ಅರಿಶಿನಕ್ಕೆ ಸುಣ್ಣ ಕೂಡಿಸಿಯೇ. ಅಂದರೆ ಬಾವುಟದ ಎರಡು ಬಣ್ಣವೂ ಒಂದೇ ಬೇರಿನಿಂದ ಬಂದವು. ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ನಾನು ಮಕ್ಕಳ ಮುಂದೆ ಒಂದು ಬಟ್ಟಲು ನೀರು ಇಟ್ಟು ಮಾಡಿ ತೋರಿಸುತ್ತೇನೆ. ಆ ಕ್ಷಣ ಇಡೀ ತರಗತಿ ಬೆಂಚು ಬಿಟ್ಟು ಮುಂದೆ ಬರುತ್ತದೆ.

ಅರಿಶಿನ-ಕುಂಕುಮ ಅಂದ್ರೆ ಒಂದೇ ಧರ್ಮದವರದು ಆಗಲಿಲ್ವಾ?

ವಿಜಯಪುರದಲ್ಲಿ ಒಬ್ಬ ಕಾಲೇಜು ಹುಡುಗಿ ಇದನ್ನು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಈ ಬಾವುಟ ಹುಟ್ಟಿದ್ದು ಭಾಷೆಯ ಚಳವಳಿಯಲ್ಲಿ, ಪೂಜೆಗಲ್ಲ. ಕನ್ನಡ ಆಡುವವರೆಲ್ಲ ಇದರ ಹಕ್ಕುದಾರರು. ಅರಿಶಿನವೂ ಒಬ್ಬರದಲ್ಲ. ಗಾಯಕ್ಕೆ ಅರಿಶಿನ ಹಚ್ಚದ ಮನೆ ಯಾವುದಿದೆ? ನಮ್ಮ ಮುಸ್ಲಿಂ ಮನೆಗಳ ಮದುವೆಯಲ್ಲೂ ಹಳದಿ ಹಚ್ಚುವ ಶಾಸ್ತ್ರ ಇದೆ. ಕುಂಕುಮ ಎಂಬ ಹೋಲಿಕೆ ಒಪ್ಪಿಗೆಯಾಗದವರು ಶಾಂತಿ, ಧೈರ್ಯ ಎಂದುಕೊಂಡರೆ ಸಾಕು. ಬಟ್ಟೆಯೇನೂ ಬದಲಾಗುವುದಿಲ್ಲ.

ಯಾವ ಬಣ್ಣ ಮ್ಯಾಲ ಬರಬೇಕು?

ಹಳದಿ ಮೇಲೆ, ಕೆಂಪು ಕೆಳಗೆ. ಅಡ್ಡಡ್ಡ ಎರಡು ಪಟ್ಟಿ, ಎರಡೂ ಸಮ ಅಗಲ. ಅವಸರದಲ್ಲಿ ತಲೆಕೆಳಗಾಗಿ ಕಟ್ಟುವುದು ಜಾಸ್ತಿ ಆಗುವುದು ಬೈಕ್ ಮತ್ತು ಟ್ರ್ಯಾಕ್ಟರ್ ಮೇಲೆ. ದಾರಿಯಲ್ಲಿ ಕಂಡರೆ ಸುಮ್ನೆ ನಿಲ್ಲಿಸಿ ಹೇಳಿ. ಯಾರೂ ಸಿಟ್ಟಾಗುವುದಿಲ್ಲ.

ನಡುವೆ ನಕ್ಷೆ, ಭುವನೇಶ್ವರಿ ಚಿತ್ರ ಇರೋ ಬಾವುಟ ಸರೀನಾ?

ಪೇಟೆಯಲ್ಲಿ ಎಲ್ಲ ನಮೂನೆಯೂ ಸಿಗುತ್ತವೆ. ತಪ್ಪು ಅನ್ನಲು ಆಧಾರವಾದ ನಿಯಮವೇ ಇಲ್ಲ. ನನ್ನ ಮನಸ್ಸು ಕೇಳಿದರೆ ಚಿತ್ರವಿಲ್ಲದ ಬಾವುಟವೇ ಚಂದ. ದೂರದಿಂದ ಕಾಣುವುದು ಬಣ್ಣ ಮಾತ್ರ.

ಬಾವುಟ, ಧ್ವಜ, ಝೇಂಡಾ: ಯಾವ ಮಾತು ಶುದ್ಧ?

ಎಲ್ಲವೂ ನಮ್ಮವೇ. ಊರ ಕಡೆ ಹಿರಿಯರು ‘ಝೇಂಡಾ ಹಾರಸೂದು’ ಅನ್ನುತ್ತಾರೆ. ಜಾತ್ರೆಯಲ್ಲಿ ಮುಂದೆ ಹಿಡಿಯುವುದು ನಿಶಾನಿ. ಸರ್ಕಾರದ ಕಾಗದದಲ್ಲಿ ನಾಡಧ್ವಜ. ಹಳೆಯ ಶಾಸನದಲ್ಲಿ ಕೇತು, ಪತಾಕೆ, ಪಾಳಿಧ್ವಜ. ಮಕ್ಕಳಿಗೆ ಬಾವುಟ ಸಾಕು.

## ಹಿಂದಿನ ಕಥೆ

ನಮ್ಮ ರಾಜರಿಗೆ ಬಾವುಟ ಇರಲಿಲ್ವಾ? ಈ ಹಳದಿ-ಕೆಂಪು ಚಾಲುಕ್ಯರ ಕಾಲದ್ದು ಅಂತಾರಲ್ಲ?

ಇತ್ತು, ಒಂದೊಂದು ಮನೆತನಕ್ಕೆ ಒಂದೊಂದು. ಆದರೆ ಹಳದಿ-ಕೆಂಪು ಅವರ ಕಾಲದ್ದಲ್ಲ. ಇದು 1960ರ ದಶಕದ್ದೇ. ಅಭಿಮಾನಕ್ಕಾಗಿ ಸಾವಿರ ವರ್ಷ ಹಿಂದಕ್ಕೆ ತಳ್ಳುವ ಅಗತ್ಯ ಇಲ್ಲ.

ಹಳೆಯ ಗುರುತುಗಳು ಬಣ್ಣಕ್ಕಿಂತ ಪ್ರಾಣಿ, ಪಕ್ಷಿಗಳಲ್ಲಿ ಇರುತ್ತಿದ್ದವು. ಬಾದಾಮಿ ಚಾಲುಕ್ಯರದು ವರಾಹ ಲಾಂಛನ, ಅಂದರೆ ಕಾಡುಹಂದಿ. ನಾರಾಯಣನ ಪ್ರಸಾದದಿಂದ ವರಾಹ ಲಾಂಛನ ಸಿಕ್ಕಿತು ಎಂದು ಅವರ ಶಾಸನಗಳು ಹೇಳುತ್ತವೆ. ಬಾದಾಮಿಯ ಮೂರನೇ ಗುಹೆ 578ರಲ್ಲಿ ಮಂಗಳೇಶ ಮಾಡಿಸಿದ್ದು. ಅಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆ ಮನೆತನ ತನ್ನನ್ನು ಹೇಗೆ ಕಂಡುಕೊಂಡಿತ್ತು ಎಂಬುದು ಗೊತ್ತಾಗುತ್ತದೆ. ರಾಷ್ಟ್ರಕೂಟರ ತಾಮ್ರಪಟಗಳ ಮುದ್ರೆಯಲ್ಲಿ ಗರುಡ. ಕದಂಬರದು ಸಿಂಹದ ಲಾಂಛನ, ಬಾವುಟದಲ್ಲಿ ಕೋತಿ. ಅದೇ ಕದಂಬರು ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯನ್ನು ಎರಡನೇ ರಾಜಧಾನಿ ಮಾಡಿಕೊಂಡಿದ್ದರು.

ನಮಗೆ ತೀರ ಹತ್ತಿರದವರು ಸವದತ್ತಿಯ ರಟ್ಟರು. ಮುಂದೆ ಅವರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಈಗಿನ ಬೆಳಗಾವಿಗೆ ತಂದರು. ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ಕಟ್ಟಿಸಿದ್ದು ರಟ್ಟ ಅರಸ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಶಾಸನಗಳಲ್ಲಿ ರಟ್ಟರ ಬಿರುದು ‘ಸಿಂಧೂರ ಲಾಂಛನ, ಸುವರ್ಣ ಗರುಡ ಧ್ವಜ’. ಇಲ್ಲಿ ಸಿಂಧೂರ ಅಂದರೆ ಆನೆ. ಕುಂಕುಮದ ಸಿಂಧೂರ ಎಂದು ಓದಿ ಕೆಂಪು ಬಣ್ಣಕ್ಕೆ ಜೋಡಿಸಬೇಡಿ. ಬೆಳಗಾವಿಯ ಮೇಲೆ ಎಂಟುನೂರು ವರ್ಷದ ಹಿಂದೆ ಬಂಗಾರದ ಗರುಡ ಹಾರುತ್ತಿದ್ದ ಅನ್ನುವುದೇ ಎಷ್ಟು ಚಂದ.

ಕೆಂಪಿಗೆ ಹಳೆಯ ನಂಟು ಬೇಕೇ ಬೇಕು ಅನ್ನುವವರಿಗೆ ಒಂದು ಊರಿದೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು. ಕಿಸು ಅಂದರೆ ಕೆಂಪು, ಪೊಳಲು ಅಂದರೆ ಪಟ್ಟಣ. ಸಂಜೆ ಹೊತ್ತಿಗೆ ಮಲಪ್ರಭೆಯ ದಂಡೆಯಲ್ಲಿ ಆ ಕಲ್ಲು ನೋಡಿದವರಿಗೆ ಹೆಸರಿನ ಕಾರಣ ಬೇರೆ ಹೇಳಬೇಕಾಗಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮೊದಲನೆಯದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೊನೆಯದು ಬೆಳಗಾವಿ ಜಿಲ್ಲೆಯ ಒಕ್ಕುಂದ. ಗಡಿಯವರು ಎಂದು ನಮ್ಮನ್ನು ಕರೆಯುವವರಿಗೆ ಈ ಸಾಲನ್ನು ನಾನು ಯಾವಾಗಲೂ ನೆನಪಿಸುತ್ತೇನೆ.

1956ರಾಗ ನಾಡು ಒಂದಾದಾಗ ಇದೇ ಬಾವುಟ ಹಾರಿಸಿದ್ರೇನು?

ಇಲ್ಲ. ಆಗ ಈ ಬಾವುಟ ಇರಲೇ ಇಲ್ಲ. 1956ರ ನವೆಂಬರ್ 1ಕ್ಕೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬಾಗಲಕೋಟೆ ಆಗ ವಿಜಯಪುರದೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಹಾಗಾಗಿ ವಯಸ್ಸಿನಲ್ಲಿ ಬಾವುಟ ರಾಜ್ಯಕ್ಕಿಂತ ಚಿಕ್ಕದು, ರಾಜ್ಯದ ಹೆಸರಿಗಿಂತ ದೊಡ್ಡದು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬಾವುಟಕ್ಕೆ ನೇರ ಸಂಬಂಧ ಇಲ್ಲ. ಅಲ್ಲಿ ಹಾರಿದ್ದು ಚರಕದ ಬಾವುಟ. ಆದರೆ ಬಾವುಟದ ಹಿಂದಿನ ಆಸೆಗೆ ಸಂಬಂಧ ಇದೆ. ಗಾಂಧೀಜಿ ತಮ್ಮ ಜೀವನದಲ್ಲಿ ಅಧ್ಯಕ್ಷರಾಗಿ ಕೂತ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು, ಡಿಸೆಂಬರ್ ತಿಂಗಳಲ್ಲಿ, ಟಿಳಕವಾಡಿಯಲ್ಲಿ. ಗಂಗಾಧರರಾವ್ ದೇಶಪಾಂಡೆಯವರು ಅದರ ಹೊಣೆ ಹೊತ್ತಿದ್ದರು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಅಲ್ಲೇ ಹಾಡಿದರು. ಅದೇ ಹೊತ್ತಿಗೆ, ಅದೇ ಊರಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನಡೆಯಿತು. ಏಕೀಕರಣದ ಕನಸನ್ನು ಮೊದಲು ಹಚ್ಚಿದ ಆಲೂರ ವೆಂಕಟರಾಯರೂ ನಮ್ಮ ವಿಜಯಪುರದಲ್ಲೇ ಹುಟ್ಟಿದವರು, 1880ರಲ್ಲಿ. ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಹತ್ತಿರ ಹೋದಾಗ ಈ ಹೆಸರುಗಳನ್ನು ಮಕ್ಕಳಿಗೆ ಹೇಳಿ. ಆ ಬಾವಿ ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ್ದು.

## ಸರ್ಕಾರ, ಕಾನೂನು

ಈ ಬಾವುಟಕ್ಕೆ ಸರ್ಕಾರದ ಮಾನ್ಯತೆ ಇದೆಯಾ, ಇಲ್ವಾ?

ಕಾನೂನಿನ ಮಾನ್ಯತೆ ಇಲ್ಲ. ನಾಡಗೀತೆಗೆ 2004ರಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ರಾಜ್ಯ ಲಾಂಛನ ಇದೆ. ರಾಜ್ಯದ ಹಕ್ಕಿ ನೀಲಕಂಠ, ಪ್ರಾಣಿ ಆನೆ, ಮರ ಶ್ರೀಗಂಧ ಎಂದು ನಿಗದಿಯಾಗಿದೆ. ಎಲ್ಲಕ್ಕಿಂತ ಜಾಸ್ತಿ ಜನ ಬಲ್ಲ ಬಾವುಟಕ್ಕೆ ಮಾತ್ರ ಆ ಸ್ಥಾನ ಬಂದಿಲ್ಲ.

2012ರಲ್ಲಿ ಡಿ.ವಿ. ಸದಾನಂದಗೌಡರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯೋತ್ಸವದ ದಿನ ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟ ಕಡ್ಡಾಯ ಎಂದು ಬಜೆಟ್‌ನಲ್ಲಿ ಹೇಳಿದರು. ಆದೇಶವೂ ಹೊರಟಿತು. ಅದು ಹೈಕೋರ್ಟ್ ಮೆಟ್ಟಿಲು ಹತ್ತಿತು, ಸರ್ಕಾರ ಅದೇ ವರ್ಷ ಆದೇಶ ಹಿಂದಕ್ಕೆ ಪಡೆಯಿತು. ಅಂದಿನಿಂದ ಇಂದಿನವರೆಗೂ ಜನ ತಮ್ಮ ಪ್ರೀತಿಯಿಂದಲೇ ಹಾರಿಸುತ್ತಿದ್ದಾರೆ. ಯಾವ ಸುತ್ತೋಲೆಯೂ ಇಲ್ಲದೆ ಅಷ್ಟು ಮನೆಗಳ ಮೇಲೆ ಬಾವುಟ ಏರುವುದು ಸಣ್ಣ ಮಾತಲ್ಲ.

2018ರಾಗ ಬಿಳಿ ಪಟ್ಟಿ ಇದ್ದ ಹೊಸ ಬಾವುಟ ಬಂದಿತ್ತಲ್ಲ, ಅದು ಎಲ್ಲಿ ಹೋತು?

ದೆಹಲಿಗೆ ಹೋದದ್ದು ಅಲ್ಲೇ ಉಳಿದಿದೆ.

ನಡೆದದ್ದು ಹೀಗೆ. ಬಾವುಟಕ್ಕೆ ಕಾನೂನಿನ ಸ್ಥಾನ ಕೊಡಿ ಎಂದು ಹಿರಿಯ ಪತ್ರಕರ್ತ ಪಾಟೀಲ ಪುಟ್ಟಪ್ಪನವರೂ ನಮ್ಮ ಬೆಳಗಾವಿ ಜಿಲ್ಲೆಯ ಒಬ್ಬ ಮಾಹಿತಿ ಹಕ್ಕು ಕಾರ್ಯಕರ್ತರೂ ಸರ್ಕಾರಕ್ಕೆ ಬರೆದರು. 2017ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸರ್ಕಾರ ಒಂಬತ್ತು ಜನರ ಸಮಿತಿ ಮಾಡಿತು. 2018ರ ಮಾರ್ಚ್ 8ರಂದು ಹೊಸ ನಾಡಧ್ವಜವನ್ನು ತೋರಿಸಿದರು. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು, ಬಿಳಿಯ ನಡುವೆ ಗಂಡಭೇರುಂಡವಿರುವ ರಾಜ್ಯ ಲಾಂಛನ. ಹಳದಿಗೆ ಕ್ಷಮೆ, ಬಿಳಿಗೆ ಶಾಂತಿ, ಕೆಂಪಿಗೆ ಶೌರ್ಯ ಎಂಬ ವಿವರಣೆ ಬಂತು. ಸಂಪುಟ ಒಪ್ಪಿ ಕೇಂದ್ರ ಗೃಹ ಇಲಾಖೆಗೆ ಕಳಿಸಿತು. ಒಪ್ಪಿಗೆ ಬಂದಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಲಾಂಛನ ಸೇರಿಸಿದ್ದು ಸರ್ಕಾರದ ಕಚೇರಿಗೆ ಒಪ್ಪುತ್ತದೆ. ಆದರೆ ಅಷ್ಟು ಸಣ್ಣ ಗೆರೆಯ ಲಾಂಛನವನ್ನು ಮನೆಯಲ್ಲಿ ಹೊಲಿಯಲು ಬರುವುದಿಲ್ಲ, ಅಚ್ಚು ಹಾಕಿಸಬೇಕು. ಆ ಚಿತ್ರವನ್ನು ಪೇಪರಿನಲ್ಲಿ ನೋಡಿ ಅವ್ವ ಮೊದಲು ಕೇಳಿದ್ದೇ, ‘ಇದನ್ನ ಮಷಿನ್‌ನಾಗ ಹೆಂಗ ಹೊಲಿಯೂದು?’ ಅಂತ. ಎರಡು ಪಟ್ಟಿಯ ಬಾವುಟ ಹರಡಿದ್ದೇ ಯಾರು ಬೇಕಾದರೂ ಹೊಲಿಯಬಹುದಾದ್ದರಿಂದ. ಹೊಸದು ಬಂದ ಮೇಲೂ ಜನ ಹಳೆಯದನ್ನು ಬಿಡಲಿಲ್ಲ. ಇಂದಿಗೂ ಬೀದಿಯಲ್ಲಿ ಕಾಣುವುದು ಎರಡೇ ಬಣ್ಣ.

ಆ ಎರಡು ತಲೆಯ ಹಕ್ಕಿ ಏನು?

ಗಂಡಭೇರುಂಡ. ಆನೆಗಳನ್ನೇ ಎತ್ತಿಕೊಂಡು ಹಾರಬಲ್ಲ ಹಕ್ಕಿ ಎಂಬ ನಂಬಿಕೆ. ಬಳ್ಳಿಗಾವೆಯಲ್ಲಿ 1047ರ ಒಂದು ಗಂಡಭೇರುಂಡ ಕಂಬ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನು ಹಿಡಿದುಕೊಂಡಿದೆ. ಮುಂದೆ ಮೈಸೂರು ಒಡೆಯರ ಲಾಂಛನವಾಗಿ, ಅಲ್ಲಿಂದ ರಾಜ್ಯ ಲಾಂಛನಕ್ಕೆ ಬಂತು. ಲಾಂಛನದಲ್ಲಿ ಹಕ್ಕಿಯ ಎರಡು ಪಕ್ಕ ಇರುವುದು ಆನೆ-ಸಿಂಹ ಕೂಡಿದ ಗಜಕೇಸರಿ, ಮೇಲೆ ಅಶೋಕನ ಸಿಂಹಗಳು.

ಒಂದು ದೇಶಕ್ಕೆ ಒಂದೇ ಬಾವುಟ ಇರಬೇಕಲ್ವಾ? ಇದು ದೇಶಕ್ಕೆ ಎದುರಾದದ್ದಲ್ವಾ?

ಎದುರು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ನಮ್ಮ ನಾಡಗೀತೆಯೇ ಕರ್ನಾಟಕವನ್ನು ಭಾರತ ಜನನಿಯ ತನುಜಾತೆ, ಅಂದರೆ ಮಗಳು ಅನ್ನುತ್ತದೆ. ಮಗಳಿಗೆ ತನ್ನದೊಂದು ಸೀರೆ ಇದ್ದರೆ ತಾಯಿಗೇನು ಬೇಸರ?

ಕಾನೂನಿನ ಮಾತಿಗೆ ಬಂದರೆ, ರಾಜ್ಯಗಳಿಗೆ ಬಾವುಟ ಇರಬೇಕು ಎಂದಾಗಲಿ ಇರಬಾರದು ಎಂದಾಗಲಿ ಸಂವಿಧಾನ ಹೇಳುವುದಿಲ್ಲ. 1971ರ ರಾಷ್ಟ್ರೀಯ ಗೌರವ ಕಾಯ್ದೆ ಮತ್ತು 2002ರ ಧ್ವಜ ಸಂಹಿತೆ ತ್ರಿವರ್ಣ ಧ್ವಜದ ಗೌರವ ಕಾಯುತ್ತವೆ. ಜಮ್ಮು ಮತ್ತು ಕಾಶ್ಮೀರಕ್ಕೆ 1952ರಿಂದ 2019ರ ತನಕ ಕೆಂಪು ಬಟ್ಟೆಯ ಮೇಲೆ ನೇಗಿಲು ಇದ್ದ ತನ್ನದೇ ಬಾವುಟ ಇತ್ತು. ಅದು 370ನೇ ವಿಧಿಯ ವಿಶೇಷ ಸ್ಥಾನಕ್ಕೆ ಅಂಟಿಕೊಂಡಿದ್ದು, ಅದರ ಜೊತೆಗೇ ಹೋಯಿತು. ಆ ಉದಾಹರಣೆಯನ್ನು ಕರ್ನಾಟಕಕ್ಕೆ ತಂದು ಹೆದರಿಸುವುದು ಸರಿಯಲ್ಲ. ಕನ್ನಡ ಬಾವುಟ ಕೇಳುವವರು ಬೇರೆ ಸಂವಿಧಾನ ಕೇಳುತ್ತಿಲ್ಲ.

ತ್ರಿವರ್ಣದ ಜೊತೆ ಕಟ್ಟುವಾಗ ಏನು ನೋಡಬೇಕು?

ಇದನ್ನು ಪ್ರತಿ ಶಾಲೆಯ ಹೆಡ್ ಮಾಸ್ತರರೂ ಕೇಳುತ್ತಾರೆ. ಧ್ವಜ ಸಂಹಿತೆ ಸ್ಪಷ್ಟವಾಗಿದೆ. ತ್ರಿವರ್ಣಕ್ಕಿಂತ ಎತ್ತರದಲ್ಲಿ, ಅದರ ಮೇಲೆ, ಅದಕ್ಕೆ ಸಮನಾಗಿ ಪಕ್ಕದಲ್ಲಿ ಬೇರೆ ಯಾವ ಬಾವುಟವೂ ಇರಬಾರದು. ಒಂದೇ ಕಂಬಕ್ಕೆ ಎರಡನ್ನೂ ಕಟ್ಟುವಂತಿಲ್ಲ.

ನಾವು ಮಾಡುವ ರೀತಿ ಇದು. ತ್ರಿವರ್ಣಕ್ಕೆ ಎತ್ತರದ ಕಂಬ, ಮೊದಲು ಅದನ್ನು ಏರಿಸುವುದು, ರಾಷ್ಟ್ರಗೀತೆ. ಆಮೇಲೆ ಹತ್ತಿಪ್ಪತ್ತು ಹೆಜ್ಜೆ ಆಚೆ, ಗಿಡ್ಡ ಕಂಬದ ಮೇಲೆ ಕನ್ನಡ ಬಾವುಟ, ನಾಡಗೀತೆ. ಅಂಗಳ ಸಣ್ಣದಿದ್ದರೆ ಕನ್ನಡ ಬಾವುಟವನ್ನು ಗೇಟಿಗೋ ವೇದಿಕೆಯ ಬದಿಗೋ ಕಟ್ಟಿ. ಇಷ್ಟು ಜಾಗ್ರತೆ ವಹಿಸಿದರೆ ಯಾರೂ ತಕರಾರು ತೆಗೆಯಲು ದಾರಿಯೇ ಇರುವುದಿಲ್ಲ.

## ಗಡಿಯ ಪ್ರಶ್ನೆಗಳು

ಬೆಂಗಳೂರಾಗ ಇಲ್ಲದ ಹುಮ್ಮಸ್ಸು ಬೆಳಗಾವ್ಯಾಗ ಯಾಕ್ರೀ?

ಅಕ್ಟೋಬರ್ 31ರ ರಾತ್ರಿ ಚನ್ನಮ್ಮ ವೃತ್ತಕ್ಕೆ ಬಂದು ನಿಂತು ನೋಡಿ. ಹನ್ನೆರಡು ಹೊಡೆಯುವ ಹೊತ್ತಿಗೆ ಕುದುರೆಯ ಮೇಲಿನ ಚನ್ನಮ್ಮನ ಸುತ್ತ ಹಳದಿ-ಕೆಂಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಮರುದಿನ ಬೈಲಹೊಂಗಲ, ಗೋಕಾಕ, ಅಥಣಿ, ಹುಕ್ಕೇರಿ ಕಡೆಯಿಂದ ಟೆಂಪೋ ತುಂಬಿಕೊಂಡು ಜನ ಬರುತ್ತಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಮಗುವಿನ ಕೈಯಲ್ಲಿ ಅಂಗೈಯಗಲದ ಬಾವುಟ. ಅದೇ ದಿನ ಅದೇ ಊರಲ್ಲಿ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಕೆಲವರು ಕರಾಳ ದಿನ ಎಂದು ಕಪ್ಪು ಬಟ್ಟೆ ಕಟ್ಟಿಕೊಂಡು ಮೆರವಣಿಗೆ ಮಾಡುವುದೂ ಇದೆ.

ಕಾರಣ ಇಷ್ಟೇ. ಬೆಂಗಳೂರಿನವರಿಗೆ ತಮ್ಮ ಊರು ಯಾವ ರಾಜ್ಯದಲ್ಲಿದೆ ಎಂಬ ಸಂಶಯ ಬಂದಿಲ್ಲ. ನಮಗೆ ಆ ಪ್ರಶ್ನೆಯನ್ನು ಪದೇ ಪದೇ ಕೇಳಿದ್ದಾರೆ. 1956ರಲ್ಲಿ ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಮುಂಬಯಿ ಕಡೆಗೆ ಹೋಯಿತು, ಉಳಿದದ್ದು ಈ ಕಡೆ ಬಂತು. ತಕರಾರು ನಿಲ್ಲಲಿಲ್ಲ. 1966ರಲ್ಲಿ ಮಹಾಜನ ಆಯೋಗ ಬಂತು. 1967ರ ಅದರ ವರದಿ ಬೆಳಗಾವಿ ಇಲ್ಲೇ ಇರಬೇಕು ಎಂದಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ರಾಮಮೂರ್ತಿಯವರ ಬಾವುಟ ಮತ್ತು ಮಹಾಜನ ವರದಿ ಎರಡೂ ಒಂದೇ ದಶಕದವು ಅನ್ನುವುದನ್ನು ಗಮನಿಸಿ. ಹಾಗಾಗಿ ನಮ್ಮ ಕಡೆ ಬಾಗಿಲ ಮೇಲೆ ಈ ಬಾವುಟ ಕಟ್ಟುವುದು ಹಬ್ಬದ ತೋರಣದ ಜೊತೆಗೆ ಒಂದು ಉತ್ತರವೂ ಹೌದು: ನಾವು ಇಲ್ಲೇ ಇದ್ದೇವೆ.

ಪಾಲಿಕೆ ಎದುರಿನ ಬಾವುಟದ ಗಲಾಟೆ ಏನದು?

2020ರ ಡಿಸೆಂಬರ್ ಕೊನೆಯಲ್ಲಿ ಕನ್ನಡ ಹೋರಾಟಗಾರರು ಬೆಳಗಾವಿ ಮಹಾನಗರ ಪಾಲಿಕೆ ಕಚೇರಿಯ ಎದುರು ಕಂಬ ನೆಟ್ಟು ಕನ್ನಡ ಬಾವುಟ ಹಾರಿಸಿದರು. ತೆಗೆಸಬೇಕು ಎಂಬ ಒತ್ತಾಯ ಇನ್ನೊಂದು ಕಡೆಯಿಂದ ಬಂತು. ಪೊಲೀಸರು ಕಾವಲು ನಿಂತರು. ಅಧಿಕೃತ ಸ್ಥಾನ ಇದ್ದಿದ್ದರೆ ಈ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ಮಾನ್ಯತೆ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಈ ಕಂಬವನ್ನೇ ತೋರಿಸುತ್ತೇನೆ.

ಈ ಬಾವುಟ ಸುಟ್ಟರೆ ಶಿಕ್ಷೆ ಇದೆಯಾ?

2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟ ಮೇಲೆ ಎಲ್ಲರ ಬಾಯಲ್ಲೂ ಇ‌ದೇ ಪ್ರಶ್ನೆ. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಮೂರ್ತಿಗೆ ಮಸಿ ಬಿತ್ತು, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಗೆ ಹಾನಿಯಾಯಿತು. ಆ ವಾರ ನಮ್ಮ ಓಣಿಯಲ್ಲಿ ಕನ್ನಡ, ಮರಾಠಿ ಎರಡೂ ಮನೆಗಳಲ್ಲಿ ಮಕ್ಕಳನ್ನು ಹೊರಗೆ ಬಿಡಲಿಲ್ಲ.

1971ರ ಕಾಯ್ದೆ ಕನ್ನಡ ಬಾವುಟಕ್ಕೆ ಅನ್ವಯಿಸುವುದಿಲ್ಲ. ಬಾವುಟಗಳ ಪೈಕಿ ಅದು ತ್ರಿವರ್ಣಕ್ಕೆ ಮಾತ್ರ. ಆದರೆ ಭಾಷೆಯ ಹೆಸರಲ್ಲಿ ಜನರ ನಡುವೆ ದ್ವೇಷ ಹಚ್ಚುವುದು ಅಪರಾಧವೇ. ಹಿಂದಿನ ದಂಡ ಸಂಹಿತೆಯಲ್ಲಿ ಅದು 153ಎ, ಈಗಿನ ನ್ಯಾಯ ಸಂಹಿತೆಯಲ್ಲಿ 196ನೇ ಸೆಕ್ಷನ್. ದೂರು ಕೊಡುವುದಿದ್ದರೆ ಆ ದಾರಿ ಇದೆ. ಅದಕ್ಕೆ ಪ್ರತಿಯಾಗಿ ಇನ್ನೊಬ್ಬರ ಗುರುತು ಸುಡುವವರ ಜೊತೆ ನಾನು ನಿಲ್ಲುವುದಿಲ್ಲ.

ನಮ್ಮ ಮನಿ ಮಾತು ಮರಾಠಿ. ನಾನು ಈ ಬಾವುಟ ಹಿಡಿದ್ರ ನಡೀತದೇನು?

ಯಾಕೆ ನಡೆಯಬಾರದು? ಹಿಡಿಯಿರಿ. ಅವ್ವನ ಹತ್ತಿರ ಬಾವುಟಕ್ಕೆ ಕಾಜಾ-ಗುಂಡಿ, ಲಾಡಿ ಕೂಡಿಸಲು ಬರುತ್ತಿದ್ದ ವಹಿನಿಯ ಮನೆಯ ಮಾತು ಮರಾಠಿಯೇ. ಇಬ್ಬರೂ ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುತ್ತ ಹೊಲಿಯುತ್ತಿದ್ದರು. ಹಿಡಿಯದಿದ್ದರೂ ಪರವಾಗಿಲ್ಲ. ಯಾರ ಕೈಗೂ ಬಲವಂತವಾಗಿ ಬಾವುಟ ತುರುಕಬಾರದು. ಗಣಪತಿ ಹಬ್ಬದಲ್ಲಿ ಒಟ್ಟಿಗೆ ಕುಣಿಯುವ ಓಣಿಗಳು ನವೆಂಬರ್‌ನಲ್ಲಿ ಬೇರೆಯಾಗಬೇಕಾಗಿಲ್ಲ.

## ಹೊಲಿಯುವವರಿಗೆ, ಹಾರಿಸುವವರಿಗೆ

ಬಟ್ಟೆ ಯಾವುದು? ಅಳತೆ ಎಷ್ಟು?

ನಿಗದಿಯಾದ ಬಟ್ಟೆಯೂ ಇಲ್ಲ, ಅಳತೆಯೂ ಇಲ್ಲ. ರಾಷ್ಟ್ರಧ್ವಜಕ್ಕಾದರೆ ಉದ್ದ-ಅಗಲ 3:2 ಇರಲೇಬೇಕು. ಅದೇ ಲೆಕ್ಕವನ್ನು ಇಲ್ಲಿಗೂ ಇಟ್ಟುಕೊಂಡರೆ ನೋಡಲು ಚಂದ. ಮೂರು ಅಡಿ ಉದ್ದಕ್ಕೆ ಎರಡು ಅಡಿ ಅಗಲ, ಅಂದರೆ ಒಂದೊಂದು ಪಟ್ಟಿ ಒಂದೊಂದು ಅಡಿ.

ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಸ್ಯಾಟಿನ್, ಪಾಲಿಯೆಸ್ಟರ್. ಹೊಳಪು ಇದೆ, ಆದರೆ ಅಂಚು ಬೇಗ ಎಳೆ ಬಿಡುತ್ತದೆ. ಅವ್ವನ ಉಪಾಯ ಹೀಗಿತ್ತು: ನಡುವಿನ ಜೋಡಣೆಗೆ ಮಡಿಕೆ ಹೊಲಿಗೆ, ಕಂಬದ ಕಡೆಯ ಅಂಚಿಗೆ ಒಳಗೆ ದಪ್ಪ ಲಾಡಿ, ಹಾರುವ ಕಡೆಯ ಅಂಚಿಗೆ ಎರಡು ಸಲ ಮಡಿಚಿ ಹೊಲಿಗೆ. ಗಾಳಿಗೆ ಮೊದಲು ಹರಿಯುವುದು ಆ ಕಡೆಯೇ. ಹತ್ತಿ ಬಟ್ಟೆಯಾದರೆ ಕೆಂಪನ್ನು ಮೊದಲು ಉಪ್ಪುನೀರಲ್ಲಿ ನೆನೆಸಿ ಬೇರೆಯಾಗಿ ಒಗೆಯಿರಿ. ಇಲ್ಲದಿದ್ದರೆ ಮೊದಲ ಮಳೆಗೇ ಬಣ್ಣ ಬಿಟ್ಟು ಹಳದಿಗೆ ಹತ್ತುತ್ತದೆ.

ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಮಾನಕದ ಪ್ರಕಾರದ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅದಕ್ಕೆ ಬೇಕಾದ ಬಟ್ಟೆ ನೇಯುವುದು ಬಾಗಲಕೋಟೆಯ ತುಳಸಿಗೇರಿಯ ಕೈಮಗ್ಗಗಳಲ್ಲಿ. ದೇಶದ ಬಾವುಟಕ್ಕೆ ಬಟ್ಟೆ ಕೊಡುವ ನಾಡು ತನ್ನ ಬಾವುಟವನ್ನು ಪಾಲಿಯೆಸ್ಟರಿನಲ್ಲಿ ಹಾರಿಸುತ್ತದೆ ಅಂದಾಗ ಮನಸ್ಸಿಗೆ ಕಸಿವಿಸಿ. ನಮ್ಮಲ್ಲಿ ರಬಕವಿ-ಬನಹಟ್ಟಿಯ ಮಗ್ಗಗಳಿವೆ, ಇಳಕಲ್ಲಿನ ನೇಕಾರರಿದ್ದಾರೆ. ಸಂಘದವರು ಒಮ್ಮೆ ಅಲ್ಲಿಗೆ ಹೋಗಿ ಹತ್ತಿಯ ಹಳದಿ, ಕೆಂಪು ಥಾನು ಕೇಳಿ ನೋಡಿ.

ಹರಿದ, ಬಣ್ಣ ಮಾಸಿದ ಬಾವುಟ ಏನು ಮಾಡೋದು?

ರಾಷ್ಟ್ರಧ್ವಜವನ್ನಾದರೆ ಮರೆಯಲ್ಲಿ, ಗೌರವದಿಂದ, ಇಡಿಯಾಗಿ ಸುಡುವುದು ಮೇಲು ಎಂದು ಸಂಹಿತೆ ಹೇಳುತ್ತದೆ. ಕನ್ನಡ ಬಾವುಟಕ್ಕೆ ಬರೆದ ನಿಯಮ ಇಲ್ಲ. ನವೆಂಬರ್ 2ರ ಬೆಳಿಗ್ಗೆ ರಸ್ತೆಯ ಮೇಲೆ, ಗಟಾರದ ಬದಿಗೆ ಬಿದ್ದ ಬಾವುಟ ನೋಡಿದರೆ ಹೊಟ್ಟೆ ಉರಿಯುತ್ತದೆ. ಮೆರವಣಿಗೆ ಮಾಡಿದವರೇ ಒಂದು ಚೀಲ ಹಿಡಿದು ಮರುದಿನ ಒಂದು ಸುತ್ತು ಬನ್ನಿ. ನಾವು ನಾಲ್ಕೈದು ಜನ ಪ್ರತಿ ವರ್ಷ ಚನ್ನಮ್ಮ ವೃತ್ತದಿಂದ ಕಾಲೇಜು ರಸ್ತೆಯ ತನಕ ಹೋಗಿ ಬರುತ್ತೇವೆ.

ಹಾಗೆ ತಂದದ್ದನ್ನು ಅವ್ವ ಒಗೆದು, ಹೊಲಿಗೆ ಬಿಚ್ಚಿ, ಗಟ್ಟಿ ಇದ್ದ ಭಾಗ ಕತ್ತರಿಸಿ ಇಡುತ್ತಿದ್ದಳು. ಹಳದಿ ಒಂದು ಗಂಟು, ಕೆಂಪು ಒಂದು ಗಂಟು. ಚಳಿ ಶುರುವಾಗುವ ಮೊದಲು ಅವನ್ನು ಚೌಕ ಚೌಕ ಮಾಡಿ ಕೌದಿ ಹಾಕುತ್ತಿದ್ದಳು. ಒಂದು ನನ್ನ ಹತ್ತಿರ ಈಗಲೂ ಇದೆ. ಮೊಮ್ಮಕ್ಕಳು ಅದನ್ನು ಜಗಲಿಯ ಮೇಲೆ ಹಾಸಲು ಹೋದರೆ ಕೈಯಿಂದ ಕಸಿದುಕೊಂಡು, ‘ಇದು ಹಾಸೂದಲ್ಲ, ಹೊದಿಯೂದು’ ಅನ್ನುತ್ತಿದ್ದಳು.